ಷಡ್ಜ ಕೆಡಿಸಿದ ತೂತು: ಒಂದು ಹಳೆಯ ಬಾಕ್ಸ್‌ವುಡ್ ಕ್ಲಾರಿನೆಟ್ಟಿನ ದುರಸ್ತಿ ದಿನಚರಿ

ಕಳೆದ ಭಾನುವಾರ ನಾವು ಐವರು ಜರ್ಮನ್ ಸಂಗೀತ ರಚನೆಕಾರ ಬ್ರಾಮ್ಸ್ ಅವರ ಕ್ಲಾರಿನೆಟ್ ಕ್ವಿಂಟೆಟ್ಟಿನ (ಕ್ಲಾರಿನೆಟ್ ಮತ್ತು ನಾಲ್ಕು ತಂತಿವಾದ್ಯಗಳ ಕೃತಿ) ನಿಧಾನಗತಿಯ ಅಡಾಜಿಯೊ ಭಾಗವನ್ನು ಎಲ್ಲಿಯೂ ನಿಲ್ಲಿಸದೆ ಕೊನೆಯವರೆಗೆ ನುಡಿಸಿದೆವು. ನಾಲ್ವರದು ಕರುಳಿನ ತಂತಿ ಕಟ್ಟಿದ ವಾದ್ಯಗಳು. ನನ್ನದು 1880ರ ದಶಕದ್ದೆಂದು ತೋರುವ, ಬಾಕ್ಸ್‌ವುಡ್ ಎಂಬ ಹಳದಿ ಗಟ್ಟಿಮರದ ಕ್ಲಾರಿನೆಟ್. ಜನವರಿಯಲ್ಲಿ ಅದು ಕೈಗೆ ಬಂದಾಗ ಒಂದು ಸ್ವರವೂ ಹೊರಡುತ್ತಿರಲಿಲ್ಲ. ಹನ್ನೊಂದು ತಿಂಗಳು ನೋಟ್‌ಪುಸ್ತಕದಲ್ಲಿ ಬರೆದಿಟ್ಟದ್ದನ್ನು ಇಲ್ಲಿ ಒಪ್ಪ ಮಾಡಿ ಹಾಕುತ್ತಿದ್ದೇನೆ. ಇಂಥದೇ ಕೆಲಸಕ್ಕೆ ಕೈಹಾಕಿದವರು ಮೊದಲು ಐದನೆಯ ಹಂತವನ್ನು ಓದಿಕೊಳ್ಳಿ. ಅಲ್ಲಿ ನಾನು ಮಾಡಿದ ತಪ್ಪು ಬೇರೆ ಯಾರಿಂದಲೂ ಆಗಬಾರದು.

ಈ ವಾದ್ಯವೇ ಏಕೆ ಬೇಕಿತ್ತು ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. 1890ರಲ್ಲಿ ಇನ್ನು ಬರೆಯುವುದು ಸಾಕು ಎಂದುಕೊಂಡಿದ್ದ ಬ್ರಾಮ್ಸ್, ಮರುವರ್ಷ ಮಾರ್ಚಿನಲ್ಲಿ ಜರ್ಮನಿಯ ಮೈನಿಂಗೆನ್ ಆಸ್ಥಾನದ ವಾದ್ಯಗೋಷ್ಠಿಯಲ್ಲಿ ರಿಚರ್ಡ್ ಮ್ಯೂಲ್‌ಫೆಲ್ಟ್ ಅವರ ಕ್ಲಾರಿನೆಟ್ ಕೇಳಿದರು. ಮ್ಯೂಲ್‌ಫೆಲ್ಟ್ ಆ ಗೋಷ್ಠಿಗೆ ಸೇರಿದ್ದು ಪಿಟೀಲು ವಾದಕರಾಗಿ. ಅದೇ ಬೇಸಿಗೆಯಲ್ಲಿ ಆಸ್ಟ್ರಿಯದ ಬಾಡ್ ಇಷ್ಲ್‌ನಲ್ಲಿ ಮೂರು ವಾದ್ಯಗಳ ಟ್ರಯೊ, ಈ ಕ್ವಿಂಟೆಟ್ ಎರಡೂ ಹುಟ್ಟಿದವು, ಓಪಸ್ (ಕೃತಿಸಂಖ್ಯೆ) 114 ಮತ್ತು 115. 1894ರಲ್ಲಿ ಎರಡು ಸೊನಾಟಾಗಳು ಬಂದವು. ಮ್ಯೂಲ್‌ಫೆಲ್ಟ್ ಊದುತ್ತಿದ್ದದ್ದು ಮ್ಯೂನಿಕ್‌ನ ಗೇಯೋರ್ಗ್ ಓಟೆನ್‌ಸ್ಟೈನರ್ ಮಾಡಿದ ಬಾಕ್ಸ್‌ವುಡ್ ಕ್ಲಾರಿನೆಟ್‌ಗಳನ್ನು. ಬೆರಳಿಗೆ ಎಟುಕದ ತೂತುಗಳನ್ನು ಮುಚ್ಚಿ ತೆರೆಯುವ ಕೀಗಳ ವ್ಯವಸ್ಥೆ ಕ್ಲಾರಿನೆಟ್ ವಾದಕ ಕಾರ್ಲ್ ಬೇರ್ಮನ್ ಅವರದು. ಆ ವಾದ್ಯಗಳು ಇಂದಿಗೂ ಮೈನಿಂಗೆನ್ ಅರಮನೆಯ ವಸ್ತುಸಂಗ್ರಹಾಲಯದಲ್ಲಿವೆ. ಎರಡು ವರ್ಷಗಳ ಹಿಂದೆ ಅವುಗಳ ಮುಂದೆ ನಿಂತಿದ್ದೆ. ಜೇನಿನ ಬಣ್ಣದ ಮರ, ಬೆರಳು ತಾಗುವ ಕಡೆ ಸ್ವಲ್ಪ ಕಪ್ಪು. ನಾನು ಇಪ್ಪತ್ತು ವರ್ಷ ಊದಿದ ಕಪ್ಪು ಮರದ ವಾದ್ಯಕ್ಕೂ ಇದಕ್ಕೂ ದೂರದ ನೆಂಟಸ್ತಿಕೆ ಮಾತ್ರ ಎಂದು ಅವತ್ತೇ ಅನ್ನಿಸಿತ್ತು. ಮೈಸೂರಿನ ಮದುವೆ ಬ್ಯಾಂಡುಗಳಲ್ಲಿ ಮೊದಲು ಕೇಳಿದ ಕ್ಲಾರಿನೆಟ್ಟಿನಿಂದ ಇಲ್ಲಿಯವರೆಗೆ ಬಂದವನಿಗೆ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ನೋಡುವ ಆಸೆ ಹುಟ್ಟಿತು.

ಹಂತ 1. ಜನವರಿ 14: ಕೊಂಡದ್ದು, ತೂಗಿದ್ದು

ಮ್ಯೂನಿಕ್‌ನಲ್ಲಿ ಒಂದು ಮನೆ ಖಾಲಿ ಮಾಡುವಾಗ ಮಾರಾಟಕ್ಕೆ ಬಂದದ್ದು. 640 ಯೂರೊ. ಇದು ‘ಎ’ ಕ್ಲಾರಿನೆಟ್, ಅಂದರೆ ಕಾಗದದ ಮೇಲೆ ‘ಸಿ’ ಬರೆದಿದ್ದರೆ ಕಿವಿಗೆ ಕೇಳುವುದು ‘ಎ’. ಕ್ವಿಂಟೆಟ್ಟಿಗೆ ಬೇಕಾದದ್ದೂ ಇದೇ. ಇಂಥವು ಸಾಮಾನ್ಯವಾಗಿ ‘ಬಿ ಫ್ಲಾಟ್’ ವಾದ್ಯದೊಂದಿಗೆ ಜೋಡಿಯಾಗಿ ಇರುತ್ತವೆ. ಇದರ ಜೋಡಿ ಎಲ್ಲಿ ಹೋಯಿತೋ ಮಾರಿದವರಿಗೂ ತಿಳಿಯದು. ತಯಾರಕರ ಮುದ್ರೆ ಸವೆದು, ಒಂದು ಕಿರೀಟದ ಅರ್ಧ ಮಾತ್ರ ಉಳಿದಿದೆ. ಬೇರ್ಮನ್ ಪದ್ಧತಿಯದು, 18 ಕೀಗಳು, ಜರ್ಮನ್ ಸಿಲ್ವರ್.

ಬಂದ ಸ್ಥಿತಿ ಹೀಗಿತ್ತು. ಬ್ಯಾರೆಲ್ಲಿನಲ್ಲಿ (ಮೌತ್‌ಪೀಸಿನ ಕೆಳಗೆ ಕೂರುವ ಗಿಡ್ಡ ತುಂಡು) 41 ಮಿ.ಮೀ. ಉದ್ದದ ಬಿರುಕು, ಅಗಲವಾದ ಕಡೆ 0.4 ಮಿ.ಮೀ. ಮೂರು ಸ್ಪ್ರಿಂಗ್ ಮುರಿದಿದ್ದವು. ಕೀಗಳ ಅಡಿಯಲ್ಲಿ ಕೂತು ತೂತು ಮುಚ್ಚುವ ಪ್ಯಾಡುಗಳ ತೊಗಲು ಒಣಗಿ ಹಪ್ಪಳದಂತಾಗಿತ್ತು. ತುಂಡುಗಳು ಒಂದರೊಳಗೊಂದು ಕೂರುವ ಕೊರಳಿಗೆ ಸುತ್ತಿದ ದಾರ ಮುಟ್ಟಿದರೆ ಉದುರುತ್ತಿತ್ತು. ಮೇಲಿನ ತುಂಡು ಬಿಲ್ಲಿನಂತೆ ಒಂದೂವರೆ ಮಿ.ಮೀ. ಬಾಗಿತ್ತು. ಬಾಯಲ್ಲಿಟ್ಟು ಊದುವ ಮೌತ್‌ಪೀಸ್ ಇರಲಿಲ್ಲ. ಈ ಕೊನೆಯ ಕೊರತೆಯನ್ನು ನಾನು ಹಗುರವಾಗಿ ತೆಗೆದುಕೊಂಡೆ. ಮುಂದಿನ ಅನಾಹುತಕ್ಕೆಲ್ಲ ಬೀಜ ಅದೇ.

ಕೊಳ್ಳುವ ಮೊದಲು ಒಂದು ಕೆಲಸವನ್ನು ಮಾತ್ರ ಸರಿಯಾಗಿ ಮಾಡಿದ್ದೆ. ಜೋಡಣೆಗಳಲ್ಲಿರುವ ಬಿಳಿ ಬಳೆಗಳು ದಂತದ್ದೋ ಮೂಳೆಯದ್ದೋ ಎಂದು ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದೆ. ದಂತವಾದರೆ ಅಡ್ಡ ಕೊಯ್ದ ಮುಖದಲ್ಲಿ ಬಲೆಯಂತೆ ಒಂದರ ಮೇಲೊಂದು ಹಾಯುವ ಗೆರೆಗಳು ಕಾಣುತ್ತವೆ. ಮೂಳೆಯಾದರೆ ಕೂದಲು ಚುಚ್ಚಿದಂಥ ಸಣ್ಣ ಕಪ್ಪು ಚುಕ್ಕೆಗಳು, ಗೀರುಗಳು. ನನ್ನದರಲ್ಲಿ ಚುಕ್ಕೆಗಳಿದ್ದವು. ದಂತವಾಗಿದ್ದರೆ ಕಾಗದಪತ್ರವಿಲ್ಲದೆ ಅದನ್ನು ಕೊಳ್ಳುವುದಾಗಲಿ, ಗಡಿ ದಾಟಿಸುವುದಾಗಲಿ ಆಗುತ್ತಿರಲಿಲ್ಲ.

ಹಂತ 2. ಜನವರಿ 15ರಿಂದ ಫೆಬ್ರವರಿ 20: ಏನೂ ಮಾಡದೆ ಕಾದದ್ದು

ಚಳಿಗಾಲದಲ್ಲಿ ಹೀಟರ್ ಉರಿಯುವ ನನ್ನ ಮನೆಯೊಳಗೆ ತೇವಾಂಶ ಶೇ. 31 ಇತ್ತು. ಅಷ್ಟು ಒಣ ಗಾಳಿಯಲ್ಲಿ ಬಿರುಕಿಗೆ ಅಂಟು ಹಾಕಿದರೆ ಬಿರುಕು ಬಾಯಿ ತೆರೆದ ಸ್ಥಿತಿಯಲ್ಲಿಯೇ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಮರ ಹಿಗ್ಗಿದಾಗ ಪಕ್ಕದಲ್ಲಿ ಹೊಸದು ಬಿಡುತ್ತದೆ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಕಾಯುವ ಪೊಟ್ಟಣಗಳನ್ನೂ ಅಳೆಯುವ ಮೀಟರನ್ನೂ ಇಟ್ಟು (34 ಯೂರೊ) ತುಂಡುಗಳನ್ನು ಮಲಗಿಸಿದೆ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿದೆ. ಐದನೆಯ ವಾರಕ್ಕೆ ತೂಕ ಏರುವುದು ನಿಂತಿತು, ಡಬ್ಬಿಯ ತೇವಾಂಶ ಶೇ. 52. ಬಿರುಕು 0.4ರಿಂದ 0.15 ಮಿ.ಮೀ.ಗೆ ತಾನಾಗಿಯೇ ಇಳಿದಿತ್ತು. ಬಾಗು ಮಾತ್ರ ಹಾಗೆಯೇ ಉಳಿಯಿತು. ಅದು ಊದಲು ಅಡ್ಡಿಯಲ್ಲ, ಮುಟ್ಟಲಿಲ್ಲ.

ಒಳಗಿನ ಕೊಳವೆಯನ್ನು ಅಳೆದಾಗ ಮೇಲಿನ ತುಂಡಿನಲ್ಲಿ ಒಂದು ದಿಕ್ಕಿಗೆ 14.7, ಅದಕ್ಕೆ ಅಡ್ಡಲಾಗಿ 14.5 ಮಿ.ಮೀ. ಬಂತು. ಮರ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ; ವರ್ಷವಲಯಗಳ ಗುಂಟ ಹೆಚ್ಚು, ಅಡ್ಡಕ್ಕೆ ಕಡಿಮೆ. ನೂರು ವರ್ಷಕ್ಕೂ ಮೀರಿದ ಬಾಕ್ಸ್‌ವುಡ್ಡಿನ ಕೊಳವೆ ಅಂಡಾಕಾರವಾಗಿರುವುದು ರೋಗವಲ್ಲ, ವಯಸ್ಸು. ಕೊಳವೆಯನ್ನು ಒಳಗಿನಿಂದ ಕೆರೆಯುವ ರೀಮರ್ ಹಾಕಿ ದುಂಡಗೆ ಮಾಡಬೇಕೆಂಬ ಆಸೆಯನ್ನು ಅದುಮಿಕೊಂಡೆ. ಅಲ್ಲಿ ತೋರಿದ ವಿವೇಕ ಮೂರು ತಿಂಗಳ ಬಳಿಕವೂ ಇರಬೇಕಾಗಿತ್ತು.

ಹಂತ 3. ಫೆಬ್ರವರಿ 22ರಿಂದ ಮಾರ್ಚ್ 15: ಸ್ಕ್ರೂ, ಸ್ಪ್ರಿಂಗ್, ಬಿರುಕು

ಕೀಗಳನ್ನು ಬಿಚ್ಚುವಾಗ ಹದಿನೇಳು ಸ್ಕ್ರೂಗಳು ಬಂದವು, ಹದಿನೆಂಟನೆಯದು ಬರಲಿಲ್ಲ. ತುಕ್ಕು ಹಿಡಿದಿತ್ತು. ತಾಳ್ಮೆಗೆಟ್ಟು ತಿರುಗಿಸಿದೆ, ತಲೆಯ ಗೀರಿನ ಒಂದು ಬದಿ ಕಿತ್ತು ಬಂತು. ಆಮೇಲೆ ಮಾಡಿದ್ದನ್ನು ಮೊದಲೇ ಮಾಡಬೇಕಿತ್ತು: ತುಕ್ಕು ಬಿಡಿಸುವ ಎಣ್ಣೆಯನ್ನು ಸೂಜಿಯ ತುದಿಯಿಂದ ಒಂದೇ ಹನಿ ಬಿಟ್ಟು, ಎರಡು ದಿನ ಕಾದು, ಬೆಸುಗೆ ಕಡ್ಡಿಯ ಬಿಸಿ ತುದಿಯನ್ನು ಸ್ಕ್ರೂವಿನ ತಲೆಗೆ ಹತ್ತು ಸೆಕೆಂಡ್ ತಾಗಿಸಿ ತೆಗೆದು, ಅರದಿಂದ ಹೊಸ ಗೀರು ಹಾಕಿ ತಿರುಗಿಸುವುದು. ಬಂತು. ಎಣ್ಣೆ ಮರಕ್ಕೆ ಹರಡಿ ಹುರುಳಿಕಾಳಿನಷ್ಟು ಕಪ್ಪು ಕಲೆ ಉಳಿಯಿತು, ಅದು ಇನ್ನು ಹೋಗುವುದಿಲ್ಲ.

ಸ್ಪ್ರಿಂಗ್‌ಗಳು ಚಪ್ಪಟೆ ಪಟ್ಟಿಗಳು. 0.4 ಮಿ.ಮೀ. ದಪ್ಪದ ಸ್ಪ್ರಿಂಗ್ ಉಕ್ಕಿನಿಂದ ಮೂರನ್ನು ಕತ್ತರಿಸಿ, ಹಳೆಯ ರಿವೆಟ್ಟಿನ ಜಾಗಕ್ಕೇ ಕೂರಿಸಿದೆ. ಮೊದಲು ಮಾಡಿದ್ದು ಗಡಸಾಯಿತು. ಕಿರುಬೆರಳಿನಿಂದ ಒತ್ತುವ ಕೀ ಟಪ್ಪೆಂದು ಮುಚ್ಚುತ್ತಿತ್ತು. ಪಟ್ಟಿಯನ್ನು ಉದ್ದಕ್ಕೂ ಅರದಿಂದ ತೆಳುವಾಗಿಸಿ ತುದಿಗೆ 0.25ಕ್ಕೆ ತಂದಮೇಲೆ ಹದವಾಯಿತು. ಪಟ್ಟಿ, ಸ್ಕ್ರೂ, ಬೆಸುಗೆ ಸಾಮಾನು ಎಲ್ಲ ಸೇರಿ 47 ಯೂರೊ.

ಬಿರುಕಿಗೆ ನೀರಿನಷ್ಟು ತೆಳುವಾದ ಶೀಘ್ರ ಅಂಟನ್ನೂ ಬಾಕ್ಸ್‌ವುಡ್ಡಿನ ನುಣ್ಣನೆಯ ಹೊಟ್ಟನ್ನೂ ಬಳಸಿದೆ. ಮೊದಲ ಪ್ರಯತ್ನ ವಿಫಲ. ಅಂಟು ಬಿರುಕಿನಲ್ಲಿ ನಿಲ್ಲದೆ ಒಳಗಿನ ಕೊಳವೆಗೆ ಇಳಿದು ಕಣ್ಣೀರಿನ ಹನಿಯಂತೆ ಗಟ್ಟಿಯಾಯಿತು. ಅದನ್ನು ಹಲ್ಲಿನ ವೈದ್ಯರು ಬಳಸುವಂಥ ಕೊಕ್ಕೆಯಿಂದ ಎರಡು ಸಂಜೆ ಕುಳಿತು ಕೆರೆದೆ. ಎರಡನೆಯ ಸಲ ಮೇಣ ಸವರಿದ ಕಾಗದವನ್ನು ಸುರುಳಿ ಸುತ್ತಿ ಕೊಳವೆಯೊಳಗೆ ಬಿಗಿಯಾಗಿ ತುರುಕಿ, ಹೊಟ್ಟನ್ನು ಮೊದಲು ಬಿರುಕಿಗೆ ಒತ್ತಿ ತುಂಬಿ, ಅಂಟನ್ನು ಮೂರು ಕಂತಿನಲ್ಲಿ ಸೂಜಿಯಿಂದ ಬಿಟ್ಟೆ. ನಿಂತಿತು. ಮರದ ಚೂರು, ಅಂಟು: 18 ಯೂರೊ.

ಎಣ್ಣೆಯ ವಿಚಾರ. ಹಿಂದಿನವರು ಅಗಸೆ ಎಣ್ಣೆ ಹಾಕುತ್ತಿದ್ದರು. ಅದು ಒಣಗಿ ಪದರವಾಗುತ್ತದೆ, ತೆಗೆಯುವುದು ಕಷ್ಟ. ನಾನು ಬಾದಾಮಿ ಎಣ್ಣೆ ಹಾಕಿದೆ, ಬಿರುಕಿನ ಕೆಲಸ ಮುಗಿದ ಮೇಲೆ, ಒಳಗೆ ತೆಳ್ಳಗೆ, ವಾರಕ್ಕೊಮ್ಮೆಯಂತೆ ನಾಲ್ಕು ಸಲ. ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯುವುದಿಲ್ಲ, ಆದ್ದರಿಂದ ಈ ಕ್ರಮ ಹಿಂದುಮುಂದಾಗಬಾರದು.

ಹಂತ 4. ಮಾರ್ಚ್ 20ರಿಂದ ಏಪ್ರಿಲ್ 18: ಪ್ಯಾಡುಗಳು

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕ್ಲಾರಿನೆಟ್ ವಾದಕ ಇವಾನ್ ಮ್ಯುಲರ್ ಚಪ್ಪಟೆ ತೊಗಲಿನ ಬದಲು ಉಣ್ಣೆ ತುಂಬಿದ ತೊಗಲಿನ ಪ್ಯಾಡು ಹಾಕಿದರು. ಹೆಚ್ಚು ಕೀಗಳನ್ನು ಗಾಳಿ ಸೋರದಂತೆ ಮುಚ್ಚಲು ಸಾಧ್ಯವಾದದ್ದು ಅದರಿಂದ. ನನ್ನ ವಾದ್ಯದ ಕೀ ಬಟ್ಟಲುಗಳೂ ಅಂಥ ಪ್ಯಾಡಿಗೆ ಹೊಂದುವ, ಉಪ್ಪಿನ ಚಮಚದಂಥ ಗುಂಡು ಬಟ್ಟಲುಗಳು. ಮಾರುಕಟ್ಟೆಯಲ್ಲಿ ಸಿಗುವ ಇಂದಿನ ಪ್ಯಾಡು ಇವಕ್ಕೆ ಕೂರುವುದಿಲ್ಲ.

ಹಳೆಯ ಸಾಮಾನಿನ ಸಂತೆಯಲ್ಲಿ ಮೇಕೆಮರಿ ತೊಗಲಿನ ಹೆಂಗಸರ ಕೈಗವಸು ಸಿಕ್ಕಿತು. ಅದರ ಹಿಮ್ಮೈಯನ್ನು ನುಣುಪು ಮಾಡಿ, ವೃತ್ತವಾಗಿ ಕತ್ತರಿಸಿ, ಅಂಚಿಗೆ ದಾರದ ಓಟ ಹೊಲಿಗೆ ಹಾಕಿ, ಉಣ್ಣೆ ತುಂಬಿ, ದಾರ ಎಳೆದು ಗಂಟು ಹಾಕಿದೆ. ನೋಡಲು ಸಣ್ಣ ಕಡುಬಿನಂತೆ. ಹದಿನಾರು ಮಾಡಿದ ಮೇಲೆ ಎಲ್ಲವೂ ವ್ಯರ್ಥವೆಂದು ತಿಳಿಯಿತು. ತುಂಬಿದ ಉಣ್ಣೆ ಹೆಚ್ಚಾಗಿ ಪ್ಯಾಡು ಉಬ್ಬಿಕೊಂಡು, ಕೀ ಎಷ್ಟೇ ತೆರೆದರೂ ತೂತಿನ ಬಾಯಿಗೆ ಅಡ್ಡ ನಿಲ್ಲುತ್ತಿತ್ತು. ಸ್ವರ ಕಂಬಳಿ ಹೊದ್ದಂತೆ ಬರುತ್ತಿತ್ತು. ಎರಡನೆಯ ಸಲ ಉಣ್ಣೆಯ ಬದಲು 2 ಮಿ.ಮೀ. ಫೆಲ್ಟ್ ಬಿಲ್ಲೆಯನ್ನು ತೊಗಲಿನಲ್ಲಿ ಸುತ್ತಿ, ಅದರ ಹಿಂದೆ ಮಾತ್ರ ಸ್ವಲ್ಪ ಉಣ್ಣೆ ಇಟ್ಟೆ. ಬಟ್ಟಲಿಗೆ ಅಂಟಿಸಲು ಅರಗು. ಕೀಯನ್ನು ವಾದ್ಯದಿಂದ ಬಿಚ್ಚಿ ದೂರದಲ್ಲಿ ಕಾಯಿಸಬೇಕು, ಬಾಕ್ಸ್‌ವುಡ್ಡಿನ ಹತ್ತಿರ ಜ್ವಾಲೆ ಕೂಡದು. ಕಾದ ಅರಗಿನ ವಾಸನೆ ಬಂದಾಗ ಅಂಚೆ ಕಚೇರಿಯಲ್ಲಿ ಪಾರ್ಸಲ್ಲಿಗೆ ಮುದ್ರೆ ಒತ್ತುತ್ತಿದ್ದ ಕಾಲ ನೆನಪಾಗಿ ಸ್ವಲ್ಪ ಹೊತ್ತು ಕೈ ನಿಂತಿತು. ತೊಗಲು, ಫೆಲ್ಟ್, ಅರಗು: 31 ಯೂರೊ.

ಸೋರಿಕೆ ನೋಡಲು ಸಿಗರೇಟ್ ಸುತ್ತುವ ಕಾಗದದ ಸಣ್ಣ ಪಟ್ಟಿಯನ್ನು ಪ್ಯಾಡಿನ ಕೆಳಗಿಟ್ಟು ಎಳೆಯುತ್ತೇನೆ. ನಾಲ್ಕು ದಿಕ್ಕಿನಲ್ಲೂ ಒಂದೇ ಬಿಗಿ ಇರಬೇಕು. ಆಮೇಲೆ ತುಂಡಿನ ಕೆಳಬಾಯಿಯನ್ನು ಅಂಗೈಯಿಂದ ಮುಚ್ಚಿ, ಎಲ್ಲ ತೂತುಗಳನ್ನೂ ಬೆರಳಿನಿಂದ ಮುಚ್ಚಿ, ಮೇಲಿನಿಂದ ಗಾಳಿ ಹೀರಿ ನಾಲಿಗೆಯಿಂದ ತಡೆಯುವುದು. ಐದು ಎಣಿಸುವವರೆಗೆ ನಾಲಿಗೆ ಹಿಡಿದುಕೊಂಡೇ ಇದ್ದರೆ ಸಾಕು. ಏಪ್ರಿಲ್ 18ರ ಸಂಜೆ ಮೇಲಿನ ತುಂಡು ಏಳು ಎಣಿಸಿತು.

ಹಂತ 5. ಮೇ 3: ನಾನು ಮಾಡಿದ ತಪ್ಪು

ಮೌತ್‌ಪೀಸ್ ಇಲ್ಲವಲ್ಲ. ಹಳೆಯ ಮಾದರಿಯಲ್ಲಿ ಮಾಡಿಕೊಡುವವರಿಗೆ ಹೇಳಿಯಾಗಿತ್ತು, ಆದರೆ ಏಳು ವಾರ ಕಾಯಬೇಕು. ನನಗೆ ತಡೆಯಲಾಗಲಿಲ್ಲ. ನನ್ನ ಇಂದಿನ ಮೌತ್‌ಪೀಸಿನ ಕೊರಳಿಗೆ ದಾರ ಸುತ್ತಿ ಬ್ಯಾರೆಲ್ಲಿಗೆ ಕೂರಿಸಿ ಊದಿದೆ. ಸ್ವರ ಬಂತು! ಕೆಳಗಿನ ತುಂಡಿನ ಸ್ವರಗಳು, ಶ್ರುತಿ ಅಳೆಯುವ ಟ್ಯೂನರಿನ ‘ಎ’ಯನ್ನು 437 ಹರ್ಟ್ಸ್‌ನಲ್ಲಿಟ್ಟಾಗ, ಸರಿಯಾಗಿ ನಿಂತವು. ಮೇಲಕ್ಕೆ ಹೋದಂತೆ ಎಲ್ಲವೂ ಇಳಿಯುತ್ತಿದ್ದವು. ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮುಚ್ಚಿದಾಗ ಬರುವ ‘ಡಿ’ 14 ಸೆಂಟ್ ಕೆಳಗೆ. ಇಲ್ಲಿ ಸೆಂಟ್ ಎಂದರೆ ಅರ್ಧಸ್ವರದ ನೂರನೆಯ ಒಂದು ಪಾಲು. ಇನ್ನೂ ಮೇಲಿನ, ತೂತುಗಳೆಲ್ಲ ತೆರೆದಿರುವ ಗಂಟಲ ಸ್ವರಗಳು 25ರವರೆಗೆ ಕೆಳಗೆ.

ಈ ‘ಡಿ’ ಬಗ್ಗೆ ಎರಡು ಮಾತು ಹೇಳಲೇಬೇಕು. ಕ್ವಿಂಟೆಟ್ ಇರುವುದು ಬಿ ಮೈನರ್‌ನಲ್ಲಿ, ಅಡಾಜಿಯೊ ಬಿ ಮೇಜರ್‌ನಲ್ಲಿ. ‘ಎ’ ಕ್ಲಾರಿನೆಟ್ಟಿನವರ ಕಾಗದದಲ್ಲಿ ಆ ‘ಬಿ’ ಸ್ವರವೇ ‘ಡಿ’. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದೇ ಷಡ್ಜ. ಕ್ಲಾರಿನೆಟ್ ಕೊಳಲಿನಂತಲ್ಲ. ಕೊಳಲನ್ನು ಜೋರಾಗಿ ಊದಿದರೆ ಅದೇ ಸ್ವರ ಮೇಲಿನ ಸ್ಥಾಯಿಗೆ ಹೋಗುತ್ತದೆ. ಕ್ಲಾರಿನೆಟ್ಟಿನಲ್ಲಿ ಸ್ಥಾಯಿ ಬದಲಿಸುವ ಕೀ ಒತ್ತಿದರೆ ಷಡ್ಜವಿದ್ದಲ್ಲಿ ಮೇಲಿನ ಸ್ಥಾಯಿಯ ಪಂಚಮ ಬರುತ್ತದೆ. ಅಂದರೆ ಆ ಒಂದು ತೂತು, ಎಡಗೈ ಉಂಗುರದ ಬೆರಳಿನದು, ಇಡೀ ಕೃತಿಯ ಷಡ್ಜಕ್ಕೂ ಪಂಚಮಕ್ಕೂ ಒಟ್ಟಿಗೇ ಆಧಾರ.

ಆ ತೂತಿನ ವ್ಯಾಸ 6.4 ಮಿ.ಮೀ. ಅದನ್ನು ಹಿಗ್ಗಿಸಿದರೆ ಸ್ವರ ಏರುತ್ತದೆ. ಇಲಿಬಾಲದಂಥ ದುಂಡು ಅರ ತೆಗೆದುಕೊಂಡೆ. ಶನಿವಾರ ಬೆಳಿಗ್ಗೆ, ಮನೆಯಲ್ಲಿ ಯಾರೂ ಇರಲಿಲ್ಲ, ಕಿಟಕಿಯಿಂದ ಒಳ್ಳೆಯ ಬೆಳಕು. ಅರ ನಾಲ್ಕು ಸಲ ತಿರುಗಿತು, ಹಳದಿ ಪುಡಿ ಕಾಗದದ ಮೇಲೆ ಬಿತ್ತು, ಊದಿ ನೋಡಿದೆ. ಮತ್ತೆ ನಾಲ್ಕು ಸಲ. ಹೀಗೆ ಮಧ್ಯಾಹ್ನದ ಹೊತ್ತಿಗೆ ವ್ಯಾಸ 6.8ಕ್ಕೆ ಬಂತು, ‘ಡಿ’ ಸೂಜಿಯ ನಡುವೆ ನಿಂತಿತು. ನನಗೆ ಬಹಳ ಸಂತೋಷವಾಯಿತು. ಮರುವಾರ ಅದರ ಮೇಲಿನ ತೂತು, ಆಮೇಲೆ ಇನ್ನೊಂದು ಎಂದು ಪಟ್ಟಿ ಬರೆದಿಟ್ಟೆ. ಆ ವಾರ ಕಚೇರಿಯ ಕೆಲಸಕ್ಕೆ ಹ್ಯಾಂಬರ್ಗಿಗೆ ಹೋಗಬೇಕಾಗಿ ಬಂದದ್ದರಿಂದ ಉಳಿದ ತೂತುಗಳು ಉಳಿದವು.

ಹಂತ 6. ಜೂನ್ 12ರಿಂದ ಸೆಪ್ಟೆಂಬರ್ 6: ಸರಿಯಾದ ಮೌತ್‌ಪೀಸ್, ಮತ್ತು ಪರಿಹಾರ

ಮೌತ್‌ಪೀಸ್ ಬಂತು. ಮರದ್ದು, ಕಿರಿದು, ರೀಡನ್ನು (ಊದಿದಾಗ ಕಂಪಿಸುವ ಜೊಂಡಿನ ಪಟ್ಟಿ) ಹುರಿಯಿಂದ ಸುತ್ತಿ ಕಟ್ಟಲು ಹೊರಮೈಯಲ್ಲಿ ಗೀರುಗಳು. ತುದಿಯ ತೆರವು 0.8 ಮಿ.ಮೀ. 310 ಯೂರೊ. ಒಳಗಿನ ಕೋಣೆ ನನ್ನ ಇಂದಿನ ಮೌತ್‌ಪೀಸಿನದಕ್ಕಿಂತ ಚಿಕ್ಕದು. ನೀರು ತುಂಬಿ ಅಳೆದೆ, ಸುಮಾರು ಆರನೆಯ ಒಂದು ಪಾಲು ಕಡಿಮೆ.

ಕೂರಿಸಿ ಊದಿದೆ. ಗಂಟಲ ಸ್ವರಗಳೆಲ್ಲ ತಾವಾಗಿಯೇ ತಮ್ಮ ಜಾಗಕ್ಕೆ ಏರಿ ನಿಂತವು. ನನ್ನ ‘ಡಿ’ ಮಾತ್ರ 13 ಸೆಂಟ್ ಮೇಲೆ, ಅದರ ಪಂಚಮ 15 ಮೇಲೆ.

ಕೋಣೆ ದೊಡ್ಡದಾದರೆ ಸ್ವರಗಳೆಲ್ಲ ಇಳಿಯುತ್ತವೆ, ಕೊಳವೆಯ ಉದ್ದ ಕಡಿಮೆ ಇರುವ ಸ್ವರಗಳು ಹೆಚ್ಚು ಇಳಿಯುತ್ತವೆ. ಮೇ 3ರಂದು ನಾನು ನೋಡಿದ್ದು ಅದನ್ನೇ. ವಾದ್ಯದಲ್ಲಿ ದೋಷವಿರಲಿಲ್ಲ. ಅದನ್ನು ಮಾಡಿದವರು ಆ ತೂತನ್ನು ಎಲ್ಲಿ ಕೊರೆಯಬೇಕೋ ಅಲ್ಲಿ, ಎಷ್ಟು ಕೊರೆಯಬೇಕೋ ಅಷ್ಟೇ ಕೊರೆದಿದ್ದರು. ನೂರು ವರ್ಷಕ್ಕೂ ಹೆಚ್ಚು ಕಾಲ ಸರಿಯಾಗಿದ್ದ ಸ್ವರವನ್ನು ನಾನು ಒಂದು ಬೆಳಿಗ್ಗೆ ಕೆಡಿಸಿದ್ದೆ. ಆ ದಿನ ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಹತ್ತು ದಿನ ಮುಟ್ಟಲಿಲ್ಲ.

ಮೊದಲ ಪರಿಹಾರ ಜೇನುಮೇಣ. ಸ್ವಲ್ಪ ರಾಳ ಬೆರೆಸಿ ಕರಗಿಸಿ, ಬಿಸಿ ತಂತಿಯ ತುದಿಯಿಂದ ತೂತಿನ ಮೇಲಿನ ಗೋಡೆಗೆ ಸವರಿದೆ. ಮೇಣ ಹಾಕುವ ಗುಣವೆಂದರೆ ಬೇಡವಾದರೆ ತೆಗೆಯಬಹುದು. 13 ಇದ್ದದ್ದು 2ಕ್ಕೆ ಇಳಿಯಿತು. ಜುಲೈ ಮಧ್ಯದಲ್ಲಿ ಮ್ಯೂನಿಕ್‌ನಲ್ಲಿ 33 ಡಿಗ್ರಿ ಬಿಸಿಲು. ನಾಲ್ಕನೇ ಮಹಡಿಯ ಕೋಣೆಯಲ್ಲಿ, ಬೆರಳಿನ ಬಿಸಿಯೂ ಸೇರಿ, ಮೇಣ ಮೆತ್ತಗಾಗಿ ಅಭ್ಯಾಸದ ನಡುವೆ ಕೊಳವೆಯೊಳಗೆ ಜಾರಿತು. ಒಮ್ಮೆ ತೆಗೆದು ಮತ್ತೆ ಹಾಕಿದೆ. ಮತ್ತೆ ಜಾರಿತು.

ಕೊನೆಗೆ ಹಳೆಯ ವಾದ್ಯಗಳನ್ನು ಮಾಡುವ ಹಿರಿಯರೊಬ್ಬರ ಕಾರ್ಯಾಗಾರಕ್ಕೆ ಹೋದೆ. ತೂತನ್ನು ದೊಡ್ಡದು ಮಾಡಿ ಒಳಗೆ ಮರದ ಬಳೆ ಕೂರಿಸೋಣವೆಂದು ನಾನೇ ಹೇಳಿದೆ. ಅವರು ಮಸೂರ ಕೆಳಗಿಟ್ಟು, “ತೆಗೆದ ಮರ ಸಾಲದೇ? ಇನ್ನೂ ತೆಗೆಯಬೇಕೇ?” ಎಂದು ಕೇಳಿದರು. ಆಮೇಲೆ ದಾರಿ ತೋರಿಸಿದರು. ಬಾಕ್ಸ್‌ವುಡ್ ತುಂಡಿನ ಮೇಲೆ ಕೀಸುಳಿ ಆಡಿಸಿ 0.2 ಮಿ.ಮೀ. ದಪ್ಪದ ಒಂದು ಸಿಪ್ಪೆ ತೆಗೆದರು. ಅದನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ, 6 ಮಿ.ಮೀ. ಡ್ರಿಲ್ಲಿನ ಹಿಡಿಯ ಸುತ್ತ ಸುತ್ತಿ ದಾರ ಕಟ್ಟಿ ಒಣಗಿಸಿದರು. ಒಣಗಿದಾಗ ಅದು ದಾಲ್ಚಿನ್ನಿ ಚಕ್ಕೆಯಂತೆ ಸುರುಳಿಯಾಗಿ ನಿಂತಿತ್ತು. ಸುಮಾರು 21 ಮಿ.ಮೀ. ಉದ್ದಕ್ಕೆ ಕತ್ತರಿಸಿ, ಎರಡು ತುದಿಗಳನ್ನೂ ಓರೆಯಾಗಿ ಕೆರೆದು, ತೂತಿನ ಗೋಡೆಗೆ ಬಿಸಿ ಸರೇಸು (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಅಂಟು) ಸವರಿ ಒಳಗೆ ಇಳಿಸಿದೆವು. ಸುರುಳಿ ತಾನೇ ಬಿಚ್ಚಿಕೊಂಡು ಗೋಡೆಗೆ ಒತ್ತಿಕೊಂಡಿತು. ಎರಡೂ ಬದಿಯಿಂದ 0.2, ಒಟ್ಟು 0.4. ವ್ಯಾಸ ಮತ್ತೆ 6.4. ಸರೇಸು ಬೇಕೆಂದೇ ಆರಿಸಿದ್ದು. ಬಿಸಿನೀರು ತಾಗಿಸಿದರೆ ಬಿಡುತ್ತದೆ, ಮುಂದೆ ಇದನ್ನು ನನಗಿಂತ ಚೆನ್ನಾಗಿ ಮಾಡಬಲ್ಲವರು ಬಂದರೆ ಅವರ ಕೈ ಕಟ್ಟಿಹಾಕುವುದಿಲ್ಲ. ಮೇಲೆ ಅರಗಿನ ಒಂದು ತೆಳು ಲೇಪ. ಎರಡು ಗಂಟೆಗೆ ಅವರು ತೆಗೆದುಕೊಂಡದ್ದು 60 ಯೂರೊ.

ಸೆಪ್ಟೆಂಬರ್ 6ರಂದು ಅಳತೆ: ‘ಡಿ’ 1 ಸೆಂಟ್ ಮೇಲೆ, ಪಂಚಮ 3 ಮೇಲೆ. ತುಟಿಯಲ್ಲಿ ಸರಿಪಡಿಸಿಕೊಳ್ಳುವಷ್ಟು.

ಹಂತ 7. ಸೆಪ್ಟೆಂಬರ್: ರೀಡು

ಕಿರಿದಾದ ಮೌತ್‌ಪೀಸಿಗೆ ಅಂಗಡಿಯ ರೀಡು ಅಗಲವಾಯಿತು. ಅರುಂಡೊ ಜೊಂಡಿನ ಕೊಳವೆ ತರಿಸಿ ನಾನೇ ಮಾಡಲು ಕುಳಿತೆ. ಜೊಂಡು, ಚಾಕು, ಗಾಜಿನ ಹಲಗೆ ಸೇರಿ 96 ಯೂರೊ. ಸೀಳಿ, ಗಾಜಿನ ಮೇಲೆ ಮರಳುಕಾಗದ ಹರಡಿ ಬೆನ್ನು ಮಟ್ಟಸ ಮಾಡಿ, ಅಗಲವನ್ನು 12 ಮಿ.ಮೀ.ಗೆ ತಂದು, ಚಾಕುವಿನಿಂದ ಕೆರೆದು, ಕೊನೆಯ ನುಣುಪಿಗೆ ಒಣಗಿಸಿದ ಕುದುರೆಬಾಲದ ಹುಲ್ಲಿನಿಂದ ತೀಡುವುದು. ಆ ಹುಲ್ಲಿನ ಮೈಯಲ್ಲಿ ಮರಳಿನ ಅಂಶವಿದೆ, ಹಸಿ ಮಾಡಿ ತೀಡಿದರೆ ಮರಳುಕಾಗದಕ್ಕಿಂತ ನಯವಾಗಿ ಕೆಲಸ ಮಾಡುತ್ತದೆ. ಹದಿನಾಲ್ಕು ರೀಡು ಮಾಡಿದೆ, ಮೂರು ಊದುವಂತಿವೆ. ಉಳಿದವುಗಳಲ್ಲಿ ಹೆಚ್ಚಿನವು ತುದಿಯಲ್ಲಲ್ಲ, ನಡುವಿನ ಬೆನ್ನಿನಲ್ಲಿ ಹೆಚ್ಚು ಕೆರೆದು ಹಾಳಾದವು. ಬೆನ್ನು ತೆಳುವಾದರೆ ಸ್ವರಕ್ಕೆ ನಿಲುವೇ ಇರುವುದಿಲ್ಲ.

ಹುರಿ ಕಟ್ಟುವುದನ್ನು ಕಲಿಯಲು ಒಂದು ವಾರ ಹಿಡಿಯಿತು. ಒಂದೂವರೆ ಮೀಟರ್ ಹುರಿ, ಮೇಲಿನ ಸುತ್ತುಗಳು ಸಡಿಲ, ಕೆಳಗಿನವು ಬಿಗಿ. ಓಲಗದವರು ಸೀವಾಳಿಯನ್ನು ಬಾಯಲ್ಲಿಟ್ಟು ನೆನೆಸಿಕೊಳ್ಳುತ್ತ ಕೈಯಲ್ಲಿ ಬೇರೆ ಕೆಲಸ ಮಾಡುತ್ತಿದ್ದದ್ದನ್ನು ಚಿಕ್ಕವನಿದ್ದಾಗ ಬೆರಗಿನಿಂದ ನೋಡುತ್ತಿದ್ದೆ. ಈಗ ನನ್ನ ಬಾಯಲ್ಲಿ ರೀಡು, ಕೈಯಲ್ಲಿ ಹುರಿ.

ಹಂತ 8. ಅಕ್ಟೋಬರ್, ನವೆಂಬರ್: ಊದಿ ಪಳಗಿಸಿದ್ದು, ಶ್ರುತಿ

ದಶಕಗಳಿಂದ ಉಸಿರು ಕಾಣದ ಮರಕ್ಕೆ ಒಮ್ಮೆಗೇ ಗಂಟೆಗಟ್ಟಲೆ ಊದಿದರೆ ಒಳಮೈ ಹಿಗ್ಗಿ ಹೊರಮೈ ಸೀಳುತ್ತದೆ. ಮೊದಲ ವಾರ ದಿನಕ್ಕೆ ಐದು ನಿಮಿಷ, ಎರಡನೆಯ ವಾರ ಹತ್ತು, ಹೀಗೆ ಆರು ವಾರದಲ್ಲಿ ನಲವತ್ತು ನಿಮಿಷಕ್ಕೆ ತಂದೆ. ಪ್ರತಿ ಸಲವೂ ಒಳಗೆ ಒರೆಸಿ, ಬಿಚ್ಚಿ, ಡಬ್ಬಿಗೆ.

ಇಲ್ಲಿ ಇನ್ನೊಂದು ತಪ್ಪು. ಕೊರಳುಗಳಿಗೆ ಮೇಣ ಹಚ್ಚಿದ ದಾರವನ್ನು ಒಣಗಿದ್ದಾಗಲೇ ಬಿಗಿಯಾಗುವಂತೆ ಸುತ್ತಿದ್ದೆ. ಮೂರನೆಯ ವಾರ ಮರ ತೇವ ಕುಡಿದು ಹಿಗ್ಗಿ, ಎರಡು ತುಂಡುಗಳು ಬಿಡದಂತೆ ಕಚ್ಚಿಕೊಂಡವು. ತಿರುಚಿದ್ದರೆ ಕೊರಳೇ ಮುರಿಯುತ್ತಿತ್ತು. ಒಂದು ರಾತ್ರಿ ಒಣ ಕೋಣೆಯಲ್ಲಿಟ್ಟೆ, ಬೆಳಿಗ್ಗೆ ಸುಲಭವಾಗಿ ಬಂತು. ಎಂಟು ಸುತ್ತು ದಾರ ತೆಗೆದೆ. ಜೋಡಿಸುವಾಗ ಸ್ವಲ್ಪ ಸಡಿಲ ಎನ್ನಿಸುವುದೇ ಸರಿಯಾದ ಬಿಗಿ.

ಶ್ರುತಿಯ ಲೆಕ್ಕ. ವಾದ್ಯ ತಣ್ಣಗಿರುವಾಗ 437, ಹತ್ತು ನಿಮಿಷ ಊದಿದ ಮೇಲೆ 439. ತಂತಿಯವರು 440ಕ್ಕೆ ಕಟ್ಟಿಕೊಂಡು ಬಂದರು. ಬ್ಯಾರೆಲ್ ಗಿಡ್ಡದು ಮಾಡಿಸಿದರೆ 440 ಸಿಗಬಹುದು, ಆದರೆ ಬ್ಯಾರೆಲ್ ಗಿಡ್ಡವಾದರೆ ಮೇಲಿನ ಸ್ವರಗಳು ಕೆಳಗಿನವುಗಳಿಗಿಂತ ಹೆಚ್ಚು ಏರುತ್ತವೆ, ಮತ್ತೆ ಅದೇ ಕಥೆ. ಈ ಸಲ ಮರ ಮುಟ್ಟುವ ಮಾತೇ ಎತ್ತಲಿಲ್ಲ. ಚೆಲ್ಲೊ ನುಡಿಸುವ ಗೆಳತಿ, “ನೀವು ಬಿಸಿಯಾದ ಮೇಲೆ ಒಂದು ಸ್ವರ ಕೊಡಿ, ನಾವು ಅಲ್ಲಿಗೆ ಬರುತ್ತೇವೆ” ಎಂದರು. ಕರುಳಿನ ತಂತಿಗಳೂ ಕೋಣೆಯ ತೇವಕ್ಕೆ ತಕ್ಕಂತೆ ಏರಿಳಿಯುವವೇ. ಹತ್ತು ನಿಮಿಷ ನಾನು ಒಬ್ಬನೇ ಊದುವುದು, ಆಮೇಲೆ ಅವರು ನನಗೆ ಶ್ರುತಿ ಸೇರಿಸುವುದು ಎಂದು ಕ್ರಮವಾಯಿತು.

ಹಂತ 9. ಡಿಸೆಂಬರ್ 7: ಅಡಾಜಿಯೊ

ಕ್ವಿಂಟೆಟ್ಟಿನ ಮೊದಲ ಭಾಗದಲ್ಲಿ ನಾಲ್ಕು ಬಾರ್ ತಂತಿಗಳದ್ದು, ಐದನೆಯದರಲ್ಲಿ ಕ್ಲಾರಿನೆಟ್ ಮೆಟ್ಟಿಲು ಹತ್ತುವಂತೆ ಮೇಲೇರಿ ಬರುತ್ತದೆ. ಕಪ್ಪು ಮರದ ವಾದ್ಯದಲ್ಲಿ ಆ ಪ್ರವೇಶ ನನಗೆ ಯಾವಾಗಲೂ ಬಾಗಿಲು ತಳ್ಳಿಕೊಂಡು ಬಂದಂತಾಗುತ್ತಿತ್ತು, ಎಷ್ಟು ಮೆಲ್ಲಗೆ ಊದಿದರೂ. ಬಾಕ್ಸ್‌ವುಡ್ಡಿನಲ್ಲಿ ಸ್ವರ ವಿಯೋಲಾದ ಪಕ್ಕದಲ್ಲಿಯೇ ಹುಟ್ಟುತ್ತದೆ, ಯಾವಾಗ ಸೇರಿಕೊಂಡೆನೆಂದು ಕೇಳುವವರಿಗೆ ತಿಳಿಯುವುದಿಲ್ಲ. ಅಡಾಜಿಯೊದಲ್ಲಿ ತಂತಿಯವರು ದನಿ ತಗ್ಗಿಸುವ ಮ್ಯೂಟ್ ಹಾಕಿಕೊಂಡಾಗ ಇದು ಇನ್ನೂ ಹೆಚ್ಚು.

ಸ್ವರಗಳು ಸಮನಾಗಿಲ್ಲ. ಒಂದು ತೆರೆದದ್ದು, ಪಕ್ಕದ್ದು ಸ್ವಲ್ಪ ಮಬ್ಬು. ನಡುವಿನ ಭಾಗದಲ್ಲಿ ಕ್ಲಾರಿನೆಟ್ ಆಲಾಪನೆಯಂತೆ ಸುತ್ತಿ ಸುತ್ತಿ ಏರಿ ಇಳಿಯುವಾಗ ಆ ಮಬ್ಬು ಸ್ವರಗಳು ಬೆಳಕಿನ ಸ್ವರಗಳ ನಡುವೆ ನೆರಳಿನಂತೆ ಹಾಯುತ್ತವೆ. ಇಂದಿನ ವಾದ್ಯದಲ್ಲಿ ನಾನು ಆ ನೆರಳನ್ನು ಉಸಿರಿನಿಂದ ಹೊಸದಾಗಿ ಮಾಡಬೇಕಿತ್ತು. ಇಲ್ಲಿ ಅದು ಮರದಲ್ಲಿಯೇ ಇದೆ. ಷಡ್ಜ ಪ್ರತಿ ಸಲ ಬಂದಾಗಲೂ ಉಂಗುರದ ಬೆರಳು ಎತ್ತುವ ಮೊದಲು ಎದೆ ಹಿಡಿದುಕೊಳ್ಳುತ್ತಿತ್ತು. ಅದು ಪ್ರತಿ ಸಲವೂ ನಿಂತಿತು.

ಒಟ್ಟು ಖರ್ಚು 1,236 ಯೂರೊ, ಕೆಲಸ ಸುಮಾರು 130 ಗಂಟೆ. ಮಾಡಬೇಕಾದದ್ದು ಉಳಿದಿದೆ. ಎಡಗೈ ಕಿರುಬೆರಳಿನ ಒಂದು ಕೀ ಮುಚ್ಚುವಾಗ ಸದ್ದು ಮಾಡುತ್ತದೆ, ಅಡಿಗೆ ತೊಗಲಿನ ಚೂರು ಹಾಕಬೇಕು. ಬ್ಯಾರೆಲ್ಲಿನ ಬಿರುಕಿನ ಮೇಲೆ ದಾರದ ಪಟ್ಟಿ ಸುತ್ತಿ ಅರಗು ಬಳಿಯಬೇಕೆಂದಿದೆ.

ಭಾನುವಾರ ಎಲ್ಲರೂ ಹೋದ ಮೇಲೆ ಒಳಗೆ ಒರೆಸಿ ಮಸೂರದಲ್ಲಿ ಆ ತೂತನ್ನು ನೋಡಿದೆ. ಸಿಪ್ಪೆಯ ಓರೆ ಜೋಡಣೆಯ ಮೇಲಂಚು ಒಂದು ಕೂದಲಿನಷ್ಟು ಎದ್ದಿತ್ತು. ನಲವತ್ತು ನಿಮಿಷದ ಉಸಿರಿನ ತೇವ ಅರಗಿನ ಲೇಪದ ಕೆಳಗೆ ಹೋಗಿರಬೇಕು. ಒಂದು ಹನಿ ಸರೇಸು ಕಾಯಿಸಿ, ಊದುಬತ್ತಿಯ ಕಡ್ಡಿಯ ತುದಿಯಿಂದ ಸವರಿ, ಬೆರಳಿನಿಂದ ಐದು ನಿಮಿಷ ಒತ್ತಿ ಹಿಡಿದೆ. ಡಬ್ಬಿಯ ತೇವಾಂಶ ಶೇ. 49. ಜನವರಿಯಲ್ಲಿ ಹೀಟರ್ ಜೋರಾಗುವ ಮೊದಲು ಮತ್ತೊಮ್ಮೆ ನೋಡಬೇಕು.